ಮಣ್ಣಿನ ಪರೀಕ್ಷೆಯೂ ಗ್ರಾಮದ ಹಿರಿಯರ ಹೊಣೆಯೂ

ಹೊಲದ ಮಣ್ಣನ್ನು ಪ್ರಯೋಗಶಾಲೆಗೆ ಕಳುಹಿಸಿ ಪರೀಕ್ಷೆ ಮಾಡಿಸುವುದು ಒಳ್ಳೆಯದೆಂಬ ಮಾತು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಭೂಮಾಲೀಕರಿಗೆ ಹೊಸದಲ್ಲ. ಆದರೆ ಪರೀಕ್ಷೆಯ ಫಲವು ಕೈಗೆ ಬಂದಾಗ ಅದನ್ನು ಸಂಶಯದಿಂದ ನೋಡಿ ಗೂಡಿನಲ್ಲಿ ಇಟ್ಟುಬಿಡುವವರು ಬಹಳ ಜನರಿದ್ದಾರೆ. ಇದಕ್ಕೆ ರೈತನ ಅಜ್ಞಾನವೇ ಕಾರಣವೆಂದು ಹೇಳುವ ರೂಢಿಯುಂಟು. ಅದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಒರೆಗೆ ಹಚ್ಚದೆ ಚಿನ್ನವನ್ನು ಕೊಳ್ಳದವನು ಅಜ್ಞಾನಿಯಲ್ಲ. ಪ್ರಯೋಗಶಾಲೆಯ ಮಾತನ್ನೂ ಒರೆಗೆ ಹಚ್ಚುವ ಉಪಾಯವೊಂದುಂಟು. ಅದನ್ನು ನಡೆಯಿಸತಕ್ಕವರು ಗ್ರಾಮದ ಹಿರಿಯರೇ.

"ನಮ್ಮ ಪೂರ್ವಿಕರು ಮಣ್ಣನ್ನು ಮುಟ್ಟಿ ನೋಡಿಯೇ ಗುಣ ಹೇಳುತ್ತಿದ್ದರು, ನಮಗೆ ಯಂತ್ರವೇತಕ್ಕೆ?" ಎಂದು ಕೇಳುವವರುಂಟು. ಪ್ರಶ್ನೆ ಯೋಗ್ಯವಾದದ್ದು. ಆದರೆ ಆನೆಗುಂದಿಯ ಸುತ್ತಲಿನ ವಿಜಯನಗರ ಕಾಲದ ಕಾಲುವೆಗಳ ಗದ್ದೆಗಳನ್ನು ಬಿಟ್ಟರೆ, ಪೂರ್ವಿಕರ ಆ ಜ್ಞಾನವು ಬಹುಮಟ್ಟಿಗೆ ಒಣಬೇಸಾಯದ ಜ್ಞಾನವಾಗಿತ್ತು. ಎರೆಯಲ್ಲಿ ಬಿಳಿಜೋಳ, ಮಸಾರಿಯಲ್ಲಿ ಸಜ್ಜೆ ಬೆಳೆದವರ ಅನುಭವವದು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಡತೊಡಗಿದ ತರುವಾಯ ಗಂಗಾವತಿಯ ಕಡೆಯ ಭೂಮಿಯ ಸ್ಥಿತಿಯೇ ಬೇರೆಯಾಯಿತು. ಲಘು ನೀರಾವರಿಯ ಪೈರುಗಳಿಗೆಂದು ಗೊತ್ತುಮಾಡಿದ ನೆಲದಲ್ಲಿಯೂ ಭತ್ತವನ್ನೇ ಹಚ್ಚಿದೆವು. ನೆಲದೊಳಗಿನ ನೀರು ಮೇಲೇರಿತು. ಅದರೊಡನೆ ಉಪ್ಪೂ ಏರಿತು. ಸವಳು-ಜವಳು ಭೂಮಿಯ ಈ ವ್ಯಾಧಿಯು ಪೂರ್ವಿಕರು ಕಂಡದ್ದಲ್ಲ. ಆದುದರಿಂದ ಅವರಿಂದ ನಮಗೆ ಇದರ ಔಷಧವೂ ದೊರೆಯಲಾರದು.

ಈ ವ್ಯಾಧಿಯಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಮೊದಲನೆಯದರಲ್ಲಿ ನೀರಿನಲ್ಲಿ ಕರಗುವ ಲವಣಗಳು ಹೆಚ್ಚಿರುತ್ತವೆ. ಮಣ್ಣಿನ ತಿಳಿದ್ರವದ ವಿದ್ಯುದ್ವಾಹಕತೆಯು ಮೀಟರಿಗೆ ೪ ಡೆಸಿಸೀಮೆನ್ಸನ್ನು ಮೀರುತ್ತದೆ. ಬಸಿಗಾಲುವೆ ತೋಡಿ, ಒಳ್ಳೆಯ ನೀರು ನಿಲ್ಲಿಸಿ, ಉಪ್ಪನ್ನು ಬಸಿದು ಹೊರಡಿಸುವುದೇ ಇದರ ಚಿಕಿತ್ಸೆ. ಎರಡನೆಯದು ಕರಲು. ಇಲ್ಲಿ ಸೋಡಿಯಮ್ಮು ಮಣ್ಣಿನ ಕಣಗಳಿಗೆ ಅಂಟಿಕೊಂಡು, ರಸಸಾರವು ೮.೫ನ್ನು ಮೀರಿ, ನೀರು ಇಂಗದಂತಾಗುತ್ತದೆ. ಇದಕ್ಕೆ ಮೊದಲು ಜಿಪ್ಸಮ್ಮು ಬೇಕು, ಬಳಿಕ ಬಸಿಯುವಿಕೆ. ಬರಿಗಣ್ಣಿಗೆ ಇವೆರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಮೊದಲನೆಯ ವ್ಯಾಧಿಗೆ ಎರಡನೆಯದರ ಔಷಧವನ್ನು ಚೀಲಗಟ್ಟಲೆ ಹಾಕಿದರೆ ಹಣವು ನಿಜವಾಗಿಯೂ ಮಣ್ಣುಪಾಲಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಭೂಮಿಗಳ ಸುಧಾರಣೆಯ ಕುರಿತು ಸಂಶೋಧನೆ ನಡೆಯುತ್ತ ಬಂದಿರುವುದು ನಮ್ಮ ಭಾಗ್ಯ.

ಯಂತ್ರಗಳೆಂದರೆ ಒಕ್ಕಲಿಗನಿಗೆ ಪರಕೀಯವಾದವುಗಳೆಂದು ತಿಳಿಯಬೇಕಾಗಿಲ್ಲ. ರಸಸಾರವನ್ನು ಅಂಕಿಯಲ್ಲಿ ಹೇಳುವ ಕ್ರಮವನ್ನು ೧೯೦೯ರಲ್ಲಿ ಸೋರೆನ್ಸೆನ್ ಎಂಬ ಪಂಡಿತನು ಡೆನ್ಮಾರ್ಕಿನ ಮದ್ಯದ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ರೂಪಿಸಿದನು. ಅದನ್ನು ಅಳೆಯುವ ಯಂತ್ರವನ್ನು ೧೯೩೪ರ ಸುಮಾರಿಗೆ ಅಮೆರಿಕದ ಬೆಕ್‌ಮನ್ನನು ನಿಂಬೆಯ ರಸದ ಹುಳಿಯನ್ನು ಅಳೆಯುವುದಕ್ಕಾಗಿಯೇ ಕಟ್ಟಿದನು. ಆದರೆ ತಕ್ಕಡಿಯನ್ನು ಸರಿಯಾದ ಕಲ್ಲಿಟ್ಟು ಆಗಾಗ್ಗೆ ನೋಡಿಕೊಳ್ಳುವಂತೆ, ಈ ಯಂತ್ರವನ್ನೂ ರಸಸಾರವು ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ ಅದ್ದಿ ಸರಿಪಡಿಸಿಕೊಳ್ಳುತ್ತಿರಬೇಕು. ಅದರ ಗಾಜಿನ ಬುರುಡೆಯು ಒಣಗಬಾರದು. ನೀರು ಶುದ್ಧವಾಗಿ ಬಟ್ಟಿಯಿಳಿಸಿದ್ದಾಗಿರಬೇಕು. ಇವು ತಪ್ಪಿದಲ್ಲಿ ಬೆಲೆಯುಳ್ಳ ಯಂತ್ರವೂ ಸುಳ್ಳನ್ನೇ ನುಡಿಯುವುದು. ಆದುದರಿಂದ ಸರಕಾರವು ಯಂತ್ರಕ್ಕೆ ಕೊಡುವಷ್ಟೇ ಗಮನವನ್ನು ಅದನ್ನು ನಡೆಯಿಸುವ ಕುಶಲನಿಗೂ ಕೊಡತಕ್ಕದ್ದು.

ಇತ್ತ ನಮ್ಮ ತಪ್ಪೂ ಸಣ್ಣದಲ್ಲ. ಬದುವಿನ ಮೇಲಿಂದಲೋ ತಿಪ್ಪೆಯ ಬಳಿಯಿಂದಲೋ ಒಂದು ಹಿಡಿ ಮಣ್ಣನ್ನು ತೆಗೆದು, ಗೊಬ್ಬರದ ಹಳೆಯ ಚೀಲದಲ್ಲಿ ಕಟ್ಟಿ ಕಳುಹಿಸಿದರೆ ಯಾವ ಪಂಡಿತನೂ ನಿಜವನ್ನು ಹೇಳಲಾರನು. ಹೊಲದಲ್ಲಿ ಅಡ್ಡಾದಿಡ್ಡಿಯಾಗಿ ಹತ್ತು-ಹದಿನೈದು ಕಡೆ ೧೫ ಸೆಂಟಿಮೀಟರು ಆಳದವರೆಗೆ ಕುಳಿ ತೋಡಿ, ಅದರ ಪಕ್ಕದಿಂದ ಮಣ್ಣನ್ನು ಕೆತ್ತಿ ಕೂಡಿಸಬೇಕು. ಅದನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲುಗಳನ್ನು ಬಿಡುತ್ತ, ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ, ನೆರಳಿನಲ್ಲಿ ಒಣಗಿಸತಕ್ಕದ್ದು. ಬೆಳ್ಳಗಾದ ತಾವಿನ ಮಣ್ಣನ್ನು ಬೇರೆಯಾಗಿಯೇ ಕಟ್ಟಬೇಕು.

೨೦೧೫ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ನೀರಾವರಿಗೆ ಎರಡೂವರೆ ಹೆಕ್ಟೇರಿಗೊಂದು, ಒಣಬೇಸಾಯಕ್ಕೆ ಹತ್ತು ಹೆಕ್ಟೇರಿಗೊಂದು ಮಾದರಿಯೆಂದು ಗೊತ್ತುಮಾಡಲಾಯಿತು. ಹತ್ತು ಹೆಕ್ಟೇರೆಂದರೆ ಸುಮಾರು ಇಪ್ಪತ್ತೈದು ಎಕರೆ. ಕುಷ್ಟಗಿ, ಯಲಬುರ್ಗಾ ಕಡೆಗಳಲ್ಲಿ ಅಷ್ಟರೊಳಗೆ ಎರೆಯೂ ಮಸಾರಿಯೂ ಕೂಡಿಯೇ ಇರಬಹುದು. ಅಂಥಲ್ಲಿ ಚೀಟಿಯಲ್ಲಿರುವುದು ನೆರೆಯವನ ಹೊಲದ ಗುಣವಾಗಿರಬಹುದು. ತನ್ನ ಹೊಲದ ಮಣ್ಣನ್ನು ತಾನೇ ಕಳುಹಿಸುವುದು ಲೇಸು.

ಇನ್ನು ನಾವು ಹೇಳಿದ ಉಪಾಯ. ಒಂದೇ ಹೊಲದ, ಚೆನ್ನಾಗಿ ಬೆರೆಸಿದ ಒಂದೇ ಮಣ್ಣನ್ನು ಎರಡು ಚೀಲಗಳಲ್ಲಿ ಕಟ್ಟಿ, ಬೇರೆ ಬೇರೆ ಗುರುತು ಹಾಕಿ ಕಳುಹಿಸಿರಿ. ಯಾವವು ಜೋಡಿಯೆಂಬುದು ಗ್ರಾಮದ ಹಿರಿಯರ ಪುಸ್ತಕದಲ್ಲಿ ಮಾತ್ರ ಬರೆದಿರಲಿ. ಎರಡು ಉತ್ತರಗಳೂ ಬಹಳ ಮಟ್ಟಿಗೆ ಹೊಂದಿದರೆ, ಅಳತೆಯಲ್ಲಿ ಸ್ಥಿರತೆಯಿದೆಯೆಂದು ನಂಬಿ ನಡೆಯಿರಿ. ರಸಸಾರದಲ್ಲಿ ಅರ್ಧ ಅಂಕಿಯ ಭೇದ ಬಂದರೆ ಅದು ಅಲ್ಪವಲ್ಲ. ಆ ಲೆಕ್ಕದಲ್ಲಿ ಅರ್ಧ ಅಂಕಿಯೆಂದರೆ ಮೂರು ಪಾಲಿಗಿಂತ ಹೆಚ್ಚಿನ ವ್ಯತ್ಯಾಸ. ಆಗ ಕಲಹ ಮಾಡದೆ, ವಿನಯದಿಂದ ಮರುಪರೀಕ್ಷೆಯನ್ನು ಬೇಡಿರಿ. ಒಳ್ಳೆಯ ಪ್ರಯೋಗಶಾಲೆಗಳು ತಮ್ಮ ಕೆಲಸವನ್ನು ತಾವೇ ಹೀಗೆ ಪರೀಕ್ಷಿಸಿಕೊಳ್ಳುವುದುಂಟು. ಇದರಿಂದ ಯಾರಿಗೂ ಅಪಮಾನವಿಲ್ಲ.

ಒಬ್ಬೊಬ್ಬ ರೈತನಿಗೆ ಇದು ಕಷ್ಟ; ಊರಿಗೆ ಕೂಡಿದರೆ ಸುಲಭ. ಸುಗ್ಗಿ ಮುಗಿದು ಹೊಲಗಳು ಬಿಡುವಾದ ಬೇಸಗೆಯಲ್ಲಿ ಹಿರಿಯರು ಮುಂದೆ ನಿಂತು ಇದನ್ನು ಮಾಡಿಸಲಿ. ಬೆಳೆ ಕೆಟ್ಟರೆ ಒಂದು ವರ್ಷದ ಹಾನಿ. ಭೂಮಿ ಕೆಟ್ಟರೆ ಮಕ್ಕಳ ಪಾಲೇ ಕೆಟ್ಟಂತೆ.