ಮೂರನೆಯ ಜಾವ ಎಲ್ಲಿ ಹೋಯಿತು?

ಹೈದರಾಬಾದಿನ ಪಶ್ಚಿಮಕ್ಕೆ, ಗೋಲ್ಕೊಂಡದ ಕೋಟೆಗೂ ಗಚ್ಚಿಬೌಲಿಯ ಕಚೇರಿಗಳಿಗೂ ನಡುವೆ ಮಣಿಕೊಂಡ ಇದೆ. ಒಂದು ಕಾಲಕ್ಕೆ ಜಾಗೀರಿನ ಹಳ್ಳಿ, ಈಗ ಬಂಡೆ ಒಡೆದು ಎಬ್ಬಿಸಿದ ಅಪಾರ್ಟ್‌ಮೆಂಟುಗಳ ಸಂತೆ. ತೆಲುಗಿನಲ್ಲಿ ಕೊಂಡ ಎಂದರೆ ಬೆಟ್ಟ. ಕನ್ನಡದಲ್ಲಿ ಕೊಂಡ ಎಂದರೆ ಜಾತ್ರೆಯ ದಿನ ಕೆಂಡ ತುಂಬಿ ಹಾಯುವ ಗುಂಡಿ. ಸದ್ದು ಒಂದೇ, ಒಬ್ಬರಿಗೆ ಏರು, ಇನ್ನೊಬ್ಬರಿಗೆ ತಗ್ಗು.

ಇಲ್ಲಿನ ಒಂದು ಎರಡು ಬೆಡ್‌ರೂಮಿನ ಮನೆಯಲ್ಲಿ ರಾಯಚೂರು ಕಡೆಯಿಂದ ಬಂದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಇಂಥವರು ಮಣಿಕೊಂಡದಲ್ಲಿ ಹುಡುಕಿದರೆ ಸಿಗದವರೇನಲ್ಲ. ಸಾಫ್ಟ್‌ವೇರ್ ಕೆಲಸ, ಕಾಲೇಜಿನಲ್ಲಿದ್ದಾಗ ಬರೆದ ಏಳೆಂಟು ಕತೆ, ಅದರಲ್ಲಿ ಎರಡು ಅಚ್ಚಾದವು. ಹೈದರಾಬಾದಿಗೆ ಬಂದು ಆರು ವರ್ಷವಾಯಿತು, ಒಂದೂ ಕತೆ ಮುಗಿದಿಲ್ಲ. ಹಾಗಾಗಿ ಅವನು ದುಡ್ಡು ಕೊಟ್ಟು ಒಂದು ಆನ್‌ಲೈನ್ ಕೋರ್ಸಿಗೆ ಸೇರುತ್ತಾನೆ. ಕೋರ್ಸು ಹೇಳುತ್ತದೆ: ಐದಕ್ಕೆ ಏಳಿ, ಫೋನ್ ದೂರ ಇಡಿ, ತೋಚಿದ್ದನ್ನು ಮೂರು ಪುಟ ಗೀಚಿ, ಒಳಗಿನ ತಡೆಯನ್ನು ಗುರುತಿಸಿ, ಸೃಜನಶಕ್ತಿ ತಾನಾಗಿ ಹರಿಯುತ್ತದೆ. ಮೊದಲ ವಾರ ಹರಿಯುತ್ತದೆ. ಎರಡನೆಯ ವಾರ ತೊಟ್ಟಿಕ್ಕುತ್ತದೆ. ಮೂರನೆಯ ವಾರ ಅಲಾರಾಂ ಹೊಡೆದುಕೊಳ್ಳುತ್ತಲೇ ಇರುತ್ತದೆ. ಆಗ ಅದೇ ಕೋರ್ಸು ಇನ್ನೊಂದು ಮಾತು ಹೇಳುತ್ತದೆ: ನಿಮ್ಮ ತಡೆ ಆಳದ್ದು, ಮುಂದಿನ ಹಂತದ ಕೋರ್ಸು ಬೇಕು.

ಈ ವ್ಯಾಪಾರದ ಮೇಲೆ ಸಿಟ್ಟು ಬರಬೇಕಾದದ್ದು ಅದು ದುಡ್ಡು ಕೇಳುತ್ತದೆಂದಲ್ಲ. ದುಡ್ಡು ಕೇಳದ ವೈದ್ಯರಿಲ್ಲ. ಸಿಟ್ಟು ಬರಬೇಕಾದದ್ದು ರೋಗವನ್ನೇ ತಪ್ಪಾಗಿ ಹೇಳುತ್ತದೆಂದು. ಆ ಹುಡುಗನ ಒಳಗೆ ಏನೂ ಕಟ್ಟಿಕೊಂಡಿಲ್ಲ. ಅವನ ಕತೆಗಾಗಿ ಕಾಯುವವರು ಆ ಊರಿನಲ್ಲಿ ಒಬ್ಬರೂ ಇಲ್ಲ, ಅಷ್ಟೇ. ಆರು ವರ್ಷದಲ್ಲಿ ಅವನನ್ನು ಯಾರೂ "ಏನು ಬರೆಯುತ್ತಿದ್ದೀಯಾ, ತೋರಿಸು" ಎಂದು ಕೇಳಿಲ್ಲ. ಕೇಳದಿದ್ದರೆ ಬತ್ತುವುದು ಸಹಜ, ಅದಕ್ಕೆ ಮನಶ್ಶಾಸ್ತ್ರ ಬೇಕಿಲ್ಲ.

"ಹರಿವು" ಎಂಬ ಈ ಮಾತು ಜನಪ್ರಿಯವಾದದ್ದು ಎಲ್ಲಿಂದ? ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಅವರ 1990ರ 'ಫ್ಲೋ' ಪುಸ್ತಕದಿಂದ. ಕೆಲಸದಲ್ಲಿ ಮುಳುಗಿ ಹೊತ್ತು ಹೋದದ್ದೇ ತಿಳಿಯದ ಸ್ಥಿತಿಯನ್ನು ಅವರು ವಿವರಿಸಿದರು. ಅಲ್ಲಿಗೆ ನಿಲ್ಲಲಿಲ್ಲ. ತೊಂಬತ್ತೊಂದು ಮಂದಿ ಸಾಧಕರನ್ನು ಸಂದರ್ಶಿಸಿ 1996ರಲ್ಲಿ 'ಕ್ರಿಯೇಟಿವಿಟಿ' ಎಂಬ ಇನ್ನೊಂದು ಪುಸ್ತಕ ಬರೆದರು. ಅದರ ಮುಖ್ಯ ವಾದವೇ ಬೇರೆ: ಸೃಜನಶೀಲತೆ ಒಬ್ಬನ ತಲೆಯೊಳಗೆ ನಡೆಯುವ ಸಂಗತಿಯಲ್ಲ, ವ್ಯಕ್ತಿ, ಅವನು ಕೆಲಸ ಮಾಡುವ ವಿದ್ಯೆಯ ಪರಂಪರೆ, ಅವನು ಮಾಡಿದ್ದನ್ನು ನೋಡಿ ಒಪ್ಪುವ ಅಥವಾ ಒಲ್ಲೆನೆನ್ನುವ ಜನರ ಬಳಗ, ಈ ಮೂರೂ ಕೂಡಿದಾಗಲೇ ಅದು ಹುಟ್ಟುತ್ತದೆ. ಕೋರ್ಸು ನಡೆಸುವವರು ಮೊದಲ ಪುಸ್ತಕದ ಹೆಸರನ್ನು ಹಿಡಿದುಕೊಂಡು ಎರಡನೆಯದರ ವಾದವನ್ನು ಮಡಚಿಟ್ಟರು. ಮಡಚಿಡಲೇಬೇಕಿತ್ತು, ಬಳಗವನ್ನು ವಿಡಿಯೊ ಮಾಡಿ ಮಾರಲು ಬರುವುದಿಲ್ಲ. (ಸಂದರ್ಶನ ಕೊಡಲು ಒಲ್ಲೆನೆಂದವರಲ್ಲಿ ಮ್ಯಾನೇಜ್‌ಮೆಂಟ್ ಗುರು ಪೀಟರ್ ಡ್ರಕರ್ ಕೂಡ ಇದ್ದರು. ಇಂಥ ಆಹ್ವಾನಗಳನ್ನೆಲ್ಲ ಎಸೆಯಲು ದೊಡ್ಡದೊಂದು ಕಸದಬುಟ್ಟಿ ಇಟ್ಟುಕೊಂಡಿರುವುದೇ ತನ್ನ ಉತ್ಪಾದಕತೆಯ ಗುಟ್ಟು ಎಂದು ಉತ್ತರಿಸಿದರಂತೆ. ಆ ಒಂದು ಉತ್ತರ ಹತ್ತು ಕೋರ್ಸಿಗೆ ಸಮ.)

ಇದು ತಿಳಿಯಲು ಷಿಕಾಗೊವರೆಗೆ ಹೋಗಬೇಕಿರಲಿಲ್ಲ. ಹತ್ತನೆಯ ಶತಮಾನದ ರಾಜಶೇಖರ 'ಕಾವ್ಯಮೀಮಾಂಸೆ'ಯಲ್ಲಿ ಕವಿಯ ದಿನಚರಿಗೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಹಗಲನ್ನು ನಾಲ್ಕು ಜಾವ ಮಾಡು ಎನ್ನುತ್ತಾನೆ. ಮೊದಲನೆಯದು ಓದಿಗೆ. ಎರಡನೆಯದು ರಚನೆಗೆ. ಊಟವಾದ ಮೇಲೆ ಮೂರನೆಯದು ಕಾವ್ಯಗೋಷ್ಠಿಗೆ: ಬಲ್ಲವರ ಜೊತೆ ಕೂತು ಪ್ರಶ್ನೆ, ಉತ್ತರ, ಸಮಸ್ಯೆ ಬಿಡಿಸುವುದು. ನಾಲ್ಕನೆಯದು ಬೆಳಿಗ್ಗೆ ಬರೆದದ್ದನ್ನು ತಿದ್ದುವುದಕ್ಕೆ, ಏಕೆಂದರೆ ಆವೇಶದಲ್ಲಿ ಬರೆಯುವಾಗ ತಪ್ಪು ಕಾಣುವ ಕಣ್ಣು ಇರುವುದಿಲ್ಲ. ಆಸ್ಥಾನದ ಸುಖದಲ್ಲಿದ್ದವನ ದಿನಚರಿ ಇದು, ಕೈಗೆ ಕಾಲಿಗೆ ಆಳುಗಳಿದ್ದವನದು. ಅದನ್ನು ಹಾಗೇ ಯಾರೂ ಪಾಲಿಸಲಾರರು. ಆದರೆ ಲೆಕ್ಕ ನೋಡಿ. ಹಗಲಿನ ಕಾಲುಭಾಗ ಪೂರ್ತಿ ಇತರರಿಗೆ. ಅದನ್ನು ಅವನು ಬಿಡುವೆಂದು ಕರೆಯುವುದಿಲ್ಲ, ಕವಿಯ ಕೆಲಸವೆಂದೇ ಎಣಿಸುತ್ತಾನೆ. ಪ್ರತಿಭೆಯನ್ನೂ ಅವನು ಎರಡಾಗಿ ಸೀಳುತ್ತಾನೆ: ಬರೆಯುವವನದು ಕಾರಯಿತ್ರಿ, ಓದಿ ಅರಗಿಸಿಕೊಳ್ಳುವವನದು ಭಾವಯಿತ್ರಿ. ಎರಡನೆಯದೂ ಪ್ರತಿಭೆಯೇ. ಕನ್ನಡದ ಸಾಹಿತ್ಯ ತರಗತಿಗಳಲ್ಲಿ ಈ ಎರಡು ಪದಗಳನ್ನು ಐದು ಅಂಕದ ಪ್ರಶ್ನೆಗೆಂದು ಉರುಹೊಡೆಸಿ ಮರೆಸಿದ್ದಾರೆ, ಅದು ಬೇರೆ ಮಾತು.

ಬೆಳಗಿನ ಐದು ಗಂಟೆಯ ಕೋರ್ಸು ಈ ನಾಲ್ಕರಲ್ಲಿ ಎರಡನೆಯ ಜಾವವೊಂದನ್ನೇ ಕಿತ್ತು ತಂದು ಮಾರುತ್ತಿದೆ.

ಹೈದರಾಬಾದಿನಲ್ಲಿ ಕನ್ನಡದ ಬರವಣಿಗೆ ಬತ್ತಲೇಬೇಕೆಂಬ ಶಾಪವೇನೂ ಇಲ್ಲ. ಕೆ.ವಿ. ತಿರುಮಲೇಶರನ್ನು ನೋಡಿ. 1940ರಲ್ಲಿ ಕಾಸರಗೋಡಿನ ಕಾರಡ್ಕದಲ್ಲಿ ಹುಟ್ಟಿ, 1968ರಲ್ಲಿ 'ಮುಖವಾಡಗಳು' ಸಂಕಲನದಿಂದ ಕಾವ್ಯಕ್ಕೆ ಬಂದವರು. ಮುಂದೆ ತಾರ್ನಾಕಾದ ಸಿಐಇಎಫ್‌ಎಲ್ ಸಂಸ್ಥೆಯಲ್ಲಿ, ಅಂದರೆ ಈಗಿನ ಇಫ್ಲುವಿನಲ್ಲಿ, ಭಾಷಾವಿಜ್ಞಾನ ಕಲಿಸುತ್ತ ದಶಕಗಳನ್ನು ಕಳೆದರು. 2010ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, 'ಅಕ್ಷಯ ಕಾವ್ಯ'ದಂಥ ದೀರ್ಘ ಕೃತಿ ಹೊರಬಂತು. ಅದಕ್ಕೆ 2015ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 2023ರ ಜನವರಿಯಲ್ಲಿ ತೀರಿಕೊಂಡದ್ದೂ ಹೈದರಾಬಾದಿನಲ್ಲೇ. ಕನ್ನಡದ ನಡುವೆ ಬದುಕದೆ ಕನ್ನಡದಲ್ಲಿ ಅರ್ಧ ಶತಮಾನ ಬರೆದ ಈ ಮನುಷ್ಯನನ್ನು "ನಿಜವಾದ ಬರಹಗಾರ ಎಲ್ಲಿದ್ದರೂ ಬರೆಯುತ್ತಾನೆ" ಎಂಬುದಕ್ಕೆ ಸಾಕ್ಷಿಯಾಗಿ ಎಳೆದು ತರುವವರಿದ್ದಾರೆ. ತಾಳ್ಮೆಯಿಂದ ನೋಡಿದರೆ ಸಾಕ್ಷಿ ಇನ್ನೊಂದು ಪಕ್ಷದ ಕಡೆಗೆ ನುಡಿಯುತ್ತದೆ. ಅವರ ಸಂಬಳದ ಕೆಲಸವೇ ಭಾಷೆಯ ಕುರಿತದ್ದು. ಕಚೇರಿಯ ಹೊತ್ತೂ ಕವಿತೆಗೆ ಗೊಬ್ಬರ. ಸುತ್ತ ಭಾಷೆಯ ಬಗ್ಗೆ ಜಗಳವಾಡುವ ಸಹೋದ್ಯೋಗಿಗಳು. ಅತ್ತ ಕರ್ನಾಟಕದಲ್ಲಿ ಬರೆದು ಕಳಿಸಿದರೆ ಅಚ್ಚು ಹಾಕುವ, ಜಗಳವಾಡುವ ಪತ್ರಿಕೆಗಳು, ಕೊನೆಗೆ ಅಂತರ್ಜಾಲದ ಪತ್ರಿಕೆಗಳೂ. ಅವರ ಮೂರನೆಯ ಜಾವ ಒಂದಿಷ್ಟು ತಾರ್ನಾಕಾದಲ್ಲಿತ್ತು, ಒಂದಿಷ್ಟು ಅಂಚೆಯಲ್ಲಿತ್ತು. ಪ್ರತಿಭೆ ಅವರದೇ, ಅದರಲ್ಲಿ ಅನುಮಾನವಿಲ್ಲ. ಅದನ್ನು ಐವತ್ತು ವರ್ಷ ಎಚ್ಚರವಾಗಿಟ್ಟದ್ದರಲ್ಲಿ ಬೇರೆಯವರ ಪಾಲೂ ಇದೆ.

ಇನ್ನೂ ಹಿಂದೆ ಹೋದರೆ ಸಿದ್ಧಯ್ಯ ಪುರಾಣಿಕರು ಸಿಗುತ್ತಾರೆ. 1918ರಲ್ಲಿ ದ್ಯಾಂಪುರದಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ನಿಜಾಮರ ಸಂಸ್ಥಾನದಲ್ಲಿ ನೌಕರಿ ಹಿಡಿದು, ಮುಂದೆ ಐಎಎಸ್ ಅಧಿಕಾರಿಯಾಗಿ, ಕಾವ್ಯಾನಂದ ಎಂಬ ಹೆಸರಿನಲ್ಲಿ ಬರೆದವರು. ಓದಿನ ಭಾಷೆ ಉರ್ದು, ಕಚೇರಿಯ ಭಾಷೆ ಉರ್ದು, ಬರವಣಿಗೆ ಕನ್ನಡ. ಆ ಕಾಲದ ಹೈದರಾಬಾದಿನ ಕನ್ನಡಿಗರಿಗೆ ಕನ್ನಡವೆಂಬುದು ಹವ್ಯಾಸವಾಗಿರಲಿಲ್ಲ, ಒಂದು ಹಟವಾಗಿತ್ತು. ಹಟಕ್ಕೆ ಜೊತೆ ಬೇಕು, ಜೊತೆಗೆ ಜಾಗ ಬೇಕು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗನ ಹೆಸರಿನ ಶಾಲೆ ಹುಟ್ಟಿಕೊಂಡದ್ದು ಹಾಗೆ.

ದುಡ್ಡಿನ ಮಾತನ್ನೂ ಇಲ್ಲೇ ಆಡಿಬಿಡಬೇಕು. ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದದ್ದು 1918ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ, 1917ರಲ್ಲಿ, ನಿಜಾಮ್ ಸರ್ಕಾರ ಅನುವಾದಕ್ಕೆಂದು ದಾರುಲ್ ತರ್ಜುಮಾ ಎಂಬ ಇಲಾಖೆಯನ್ನೇ ತೆರೆಯಿತು. ಪಾಠ ಉರ್ದುವಿನಲ್ಲಿ ನಡೆಯಬೇಕಾದರೆ ಪುಸ್ತಕ ಬೇಕು, ಪುಸ್ತಕಕ್ಕೆ ಅನುವಾದಕ ಬೇಕು, ಅನುವಾದಕನಿಗೆ ತಿಂಗಳ ಸಂಬಳ ಬೇಕು. ಇಷ್ಟು ಸರಳ ತರ್ಕ ಆ ಸರ್ಕಾರಕ್ಕೆ ಹೊಳೆದಿತ್ತು. ಜೋಶ್ ಮಲಿಹಾಬಾದಿಯಂಥ ಕವಿ ಅಲ್ಲಿ ಸಂಬಳಕ್ಕೆ ಕೆಲಸ ಮಾಡಿದ. ಇದನ್ನು ಸುವರ್ಣಯುಗವೆಂದು ಹಾಡಬೇಕಿಲ್ಲ. ಆ ಸಂಬಳದಲ್ಲಿ ತೆಲುಗು, ಮರಾಠಿ, ಕನ್ನಡ ರೈತರ ಕಂದಾಯವೂ ಇತ್ತು, ಅವರ ಭಾಷೆಗಳಿಗೆ ಅಂಥ ಇಲಾಖೆ ಇರಲಿಲ್ಲ. ಜೋಶ್ ಕೂಡ ಕೊನೆಗೆ ನಿಜಾಮರ ಕೋಪಕ್ಕೆ ಸಿಕ್ಕಿ ರಾಜ್ಯ ಬಿಡಬೇಕಾಯಿತು. ಅನ್ನ ಹಾಕುವ ಕೈ ಬಾಯಿಯನ್ನೂ ಮುಚ್ಚಿಸಬಲ್ಲದು. ಆದರೂ ಅನುವಾದ ಒಂದು ದುಡಿಮೆ ಎಂಬ ತಿಳಿವಳಿಕೆ ನೂರು ವರ್ಷದ ಹಿಂದೆ ಇದೇ ಊರಿನಲ್ಲಿತ್ತು. ಈಗ ಕನ್ನಡ ಅನುವಾದಕನಿಗೆ ಸಿಗುವುದೇನು? "ನಿಮ್ಮ ಪ್ಯಾಶನ್ ಮೆಚ್ಚಬೇಕಾದ್ದು" ಎಂಬ ಪ್ರಶಂಸೆ, ಹತ್ತು ಗೌರವಪ್ರತಿ. 2025ರ ಅಂತಾರಾಷ್ಟ್ರೀಯ ಬೂಕರ್ ಬಾನು ಮುಷ್ತಾಕರಿಗೂ ದೀಪಾ ಭಾಸ್ತಿಯವರಿಗೂ ಬಂದಾಗ ಕನ್ನಡ ನಾಡೆಲ್ಲ ಕುಣಿಯಿತು. ಆ ಪ್ರಶಸ್ತಿಯ ಐವತ್ತು ಸಾವಿರ ಪೌಂಡನ್ನು ಲೇಖಕಿಗೂ ಅನುವಾದಕಿಗೂ ಸರಿಪಾಲು ಮಾಡುತ್ತಾರೆ. ಕುಣಿದ ಪ್ರಕಾಶಕರಲ್ಲಿ ಎಷ್ಟು ಮಂದಿ ಮರುದಿನ ತಮ್ಮ ಕರಾರುಪತ್ರ ತೆಗೆದು ನೋಡಿದರು?

ಬಾನು ಮುಷ್ತಾಕರ ಹಾದಿಯೂ ಒಂಟಿಯದಲ್ಲ. ಬಂಡಾಯದ ಬಳಗ, ಲಂಕೇಶ್ ಪತ್ರಿಕೆಯ ವರದಿಗಾರಿಕೆ, ಹಾಸನದ ಕೋರ್ಟಿಗೆ ಬಂದ ಹೆಂಗಸರ ದಾವೆಗಳು, ಇವೆಲ್ಲ ಕತೆಗಳ ಹಿಂದಿವೆ. ಸಂಪಾದಕ ಕಾಯುತ್ತಿದ್ದ, ಓದುಗರು ಕಾಯುತ್ತಿದ್ದರು, ಬೈಯಲೆಂದೇ ಕಾದವರೂ ಇದ್ದರು.

ಇನ್ನೊಂದು ಸುಳ್ಳನ್ನೂ ಬಿಡಬಾರದು: ಶಕ್ತಿ ಸದಾ ಹರಿಯುತ್ತಲೇ ಇರಬೇಕೆಂಬುದು. ಇದು ಕಾರ್ಖಾನೆಯ ಆಸೆ, ಬೆಲ್ಟು ನಿಲ್ಲಬಾರದೆಂಬ ಆಸೆ. ದೇವನೂರ ಮಹಾದೇವರು 'ದ್ಯಾವನೂರು', 'ಒಡಲಾಳ', 'ಕುಸುಮಬಾಲೆ' ಕೊಟ್ಟರು. 'ಕುಸುಮಬಾಲೆ' ಬಂದದ್ದು 1984ರಲ್ಲಿ. ಕತೆ, ಕಾದಂಬರಿಯ ಲೆಕ್ಕದಲ್ಲಿ ಆಮೇಲೆ ಹೆಚ್ಚೂಕಡಿಮೆ ಮೌನ. ಈ ಮೌನವನ್ನು "ಬ್ಲಾಕ್" ಎಂದು ಕರೆದು ಅವರಿಗೆ ಮೂರು ಪುಟದ ವ್ಯಾಯಾಮ ಹೇಳುವ ಧೈರ್ಯ ಯಾವ ಕೋಚಿಗಿದೆ? ಬರಹಗಾರನ ತಡೆ ಎಂಬ ಪದವೇ 1940ರ ದಶಕದಲ್ಲಿ ಎಡ್ಮಂಡ್ ಬರ್ಗ್ಲರ್ ಎಂಬ ಮನೋವಿಶ್ಲೇಷಕ ಚಾಲ್ತಿಗೆ ತಂದದ್ದು. ಅದಕ್ಕೂ ಮೊದಲು ಬರೆಯದೆ ಇದ್ದವರು ಬರೆಯದೆ ಇದ್ದರು, ರೋಗಿಗಳಾಗಿರಲಿಲ್ಲ. ಹೇಳಲು ಏನೂ ಇಲ್ಲದಾಗ ಸುಮ್ಮನಿರುವುದು ಒಂದು. ಹೇಳುವುದಿದ್ದೂ ಕೇಳುವವರಿಲ್ಲದೆ ಸುಮ್ಮನಾಗುವುದು ಇನ್ನೊಂದು. ಮಣಿಕೊಂಡದ ಹುಡುಗನದು ಎರಡನೆಯದು.

ಅದೇ ಅಪಾರ್ಟ್‌ಮೆಂಟಿನ ಇನ್ನೊಂದು ಮಹಡಿಯಲ್ಲಿ ಒಬ್ಬ ಹೆಂಗಸನ್ನೂ ಕಲ್ಪಿಸಿಕೊಳ್ಳಬೇಕು, ಇಲ್ಲದಿದ್ದರೆ ಚಿತ್ರ ಅರ್ಧ. ಗಂಡನ ವರ್ಗಾವಣೆಗೆಂದು ಧಾರವಾಡದ ಉಪನ್ಯಾಸಕಿಯ ಕೆಲಸ ಬಿಟ್ಟು ಬಂದವಳು. ಐದು ಗಂಟೆಗೆ ಏಳುವುದನ್ನು ಅವಳಿಗೆ ಯಾರೂ ಕಲಿಸಬೇಕಿಲ್ಲ. ಸಂಸ್ಕಾರ ಆತ್ಮಕ್ಕೆ ಸೇರಿದ್ದು, ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಹೆಂಗಸರೂ ಕವಿಗಳಾಗಬಹುದು ಎಂದು ರಾಜಶೇಖರನೇ ಬರೆದ. ಹೆಂಡತಿ ಅವಂತಿಸುಂದರಿಯ ಅಭಿಪ್ರಾಯಗಳನ್ನು ಹೆಸರು ಹೇಳಿ ಉಲ್ಲೇಖಿಸಿದ. ಆದರೆ ಅವನ ಮೂರನೆಯ ಜಾವ ಶುರುವಾಗುವುದು ಊಟವಾದ ಮೇಲೆ. ಊಟದ ಪಾತ್ರೆ ಯಾರು ತೊಳೆದರೆಂದು ಅವನು ಬರೆದಿಲ್ಲ.

ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ. ಲಿಫ್ಟಿನಲ್ಲಿ ತೆಲುಗಿನಲ್ಲೋ ಹಿಂದಿಯಲ್ಲೋ ನಾಲ್ಕು ಮಾತಾಡಿರಬಹುದು. ಕಾಚಿಗುಡ ಸುಮಾರು ಇಪ್ಪತ್ತು ಕಿಲೋಮೀಟರು. ಮಣಿಕೊಂಡಕ್ಕೆ ಮೆಟ್ರೊ ಇಲ್ಲ. ಟೋಲಿಚೌಕಿಯ ಟ್ರಾಫಿಕ್ಕಿನಲ್ಲಿ ಸಂಜೆ ಸಿಕ್ಕಿಬಿದ್ದವರು ಮತ್ತೆ ಸಾಹಿತ್ಯದ ನೆಪದಲ್ಲಿ ಹೊರಡುವುದಿಲ್ಲ. ಅಲ್ಲದೆ ಹೊರನಾಡಿನ ಕನ್ನಡ ಕಾರ್ಯಕ್ರಮ ಎಂದರೆ ಈಗ ನವೆಂಬರಿನ ಬಾವುಟ, ಆರ್ಕೆಸ್ಟ್ರಾ, ಶಾಲು, ಹೋಳಿಗೆ ಊಟ. ಹೋಳಿಗೆಯ ಮೇಲೆ ಯಾರಿಗೂ ದ್ವೇಷವಿಲ್ಲ. ಆದರೆ ವರ್ಷಕ್ಕೊಮ್ಮೆ ಶಾಲು ಹೊದೆಸುವ ವೇದಿಕೆ, ತಿಂಗಳಿಗೊಮ್ಮೆ ಹಸ್ತಪ್ರತಿ ಕೇಳುವ ಕೋಣೆಯ ಜಾಗಕ್ಕೆ ಬಂದು ಕೂತಿದೆ. ಮನ್ನಣೆ ಸಿಕ್ಕವನನ್ನು ಹೊಗಳುವುದು ಸುಲಭ. ಮೂರನೆಯ ಕತೆಯ ಎರಡನೆಯ ಕರಡಿಗೆ ಒಂದು ತಾಸು ಕೊಡುವುದು ಕಷ್ಟ. ಸಂಪಾದಕರೂ ಇದರಲ್ಲಿ ಪಾಲುದಾರರು. ಕತೆ ತಲುಪಿತೆಂಬ ಒಂದು ಸಾಲಿನ ಉತ್ತರ ಬರೆಯದ ಪತ್ರಿಕೆಗಳು ಯುವ ಬರಹಗಾರರ ಕೊರತೆಯ ಬಗ್ಗೆ ವಿಶೇಷ ಸಂಚಿಕೆ ತರುವುದನ್ನು ಇನ್ನಾದರೂ ನಿಲ್ಲಿಸಬೇಕು. "ಇಷ್ಟವಾಯಿತು" ಎಂಬ ಬೆರಳಿನ ಗುರುತನ್ನೊತ್ತಿ ಮುಂದೆ ಹೋಗುವ ಓದುಗರಿಗೂ ರಾಜಶೇಖರನ ಭಾವಯಿತ್ರಿ ಪ್ರತಿಭೆಗೂ ಬಹಳ ದೂರ.

ಮಣಿಕೊಂಡದ ಹಲವು ಅಪಾರ್ಟ್‌ಮೆಂಟುಗಳಿಗೆ ಕ್ಲಬ್‌ಹೌಸ್ ಇರುತ್ತದೆ. ಭಾನುವಾರ ಬೆಳಿಗ್ಗೆ ಅಲ್ಲಿ ಜುಂಬಾ ಅಥವಾ ಯೋಗ, ಸಂಜೆ ಯಾರದೋ ಮಗುವಿನ ಹುಟ್ಟುಹಬ್ಬ, ಬಲೂನು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ, ಲೆಕ್ಕಕ್ಕೆ ಸರಿಯಾಗಿ ಮೂರನೆಯ ಜಾವ, ಖಾಲಿ. ಬೀಗದ ಕೈ ಸೆಕ್ಯುರಿಟಿಯವನ ಹತ್ತಿರ ಇರುತ್ತದೆ. ಫ್ಲ್ಯಾಟ್ ನಂಬರ್ ಬರೆದು ಸಹಿ ಹಾಕಿದರೆ ಕೊಡುತ್ತಾನೆ.