ಮೋಟಾರಿನ ಮಾಳಿಗೆ

ಶಹಾಪುರದ ಕಡೆಯ ವಾಚಕರೊಬ್ಬರು ನಮಗೆ ದೀರ್ಘವಾದ ಕಾಗದವೊಂದನ್ನು ಬರೆದು ನಮ್ಮ ಅಭಿಪ್ರಾಯವನ್ನು ಕೇಳಿರುವರು. ಅವರ ತಂದೆಯವರು ೧೯೭೪ರಲ್ಲಿ ಕೊಂಡ ಅಂಬಾಸಿಡರ್ ಗಾಡಿಯು ಇಂದಿಗೂ ಮನೆಯಲ್ಲಿದೆ. ಅದರ ಎಂಜಿನ್ನಿಗೆ ಯಾವ ಬೇನೆಯೂ ಇಲ್ಲ. ಆದರೆ ಬಲಗಡೆಯ ಬಾಗಿಲುಗಳ ಮೇಲ್ಭಾಗದಲ್ಲಿ, ಛಾವಣಿಯ ಅಂಚು ತುಕ್ಕು ಹಿಡಿದು, ಬೆರಳಿನಿಂದ ಒತ್ತಿದರೆ ಕೆಂಪು ಪುಡಿಯುದುರುತ್ತದೆ. ಒಬ್ಬ ಕೆಲಸಗಾರನು ಪುಟ್ಟಿ ತುಂಬಿ ಬಣ್ಣ ಹೊಡೆದರೆ ಎರಡು ದಿನಗಳಲ್ಲಿ ಹೊಸದರಂತಾಗುವುದೆಂದು ಹೇಳಿದನಂತೆ. ಮತ್ತೊಬ್ಬನು ಆ ಭಾಗವನ್ನು ಕತ್ತರಿಸಿ ತೆಗೆದು ಬೇರೆಯದನ್ನು ಬೆಸೆಯದ ಹೊರತು ಗತ್ಯಂತರವಿಲ್ಲವೆಂದನಂತೆ. ಇವೆರಡರ ಖರ್ಚಿನಲ್ಲಿ ಬಹಳ ಅಂತರವಿದೆ. ತಮ್ಮಂದಿರು, "ಪುಟ್ಟಿ ಹಾಕಿಸಿ ಮಾರಿಬಿಡೋಣ" ಎನ್ನುವರು. ತಾಯಿಯವರಿಗಾದರೋ ಮುಂದಿನ ವೈಶಾಖದಲ್ಲಿ ಮೊಮ್ಮಗಳು ಮದುಮಗಳಾಗಿ ಆ ಗಾಡಿಯಲ್ಲಿಯೇ ಸುರಪುರದ ಗಂಡನ ಮನೆಗೆ ಹೋಗಬೇಕೆಂಬ ಆಸೆ. ಹೀಗಿರಲು ಏನು ಮಾಡತಕ್ಕದ್ದೆಂಬುದು ಅವರ ಪ್ರಶ್ನೆ.

ನಾವು ಪಾಠಶಾಲೆಯಲ್ಲಿ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟವರೇ ಹೊರತು ಸುತ್ತಿಗೆ ಹಿಡಿದವರಲ್ಲ. ಆದರೂ ಬಲ್ಲವರನ್ನು ಕೇಳಿ, ಅವರು ಮಾಡುವುದನ್ನು ಹತ್ತಿರ ನಿಂತು ನೋಡಿ, ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತೇವೆ. ಯಾತಕ್ಕೆಂದರೆ ಈ ಪ್ರಶ್ನೆಯು ಕೇವಲ ಕಬ್ಬಿಣದ್ದಲ್ಲ, ಗೃಹಸ್ಥನ ವಿವೇಕದ್ದೂ ಆಗಿದೆ.

ಮೊದಲು ಮೋಟಾರಿನ ಕಟ್ಟಡವನ್ನು ತಿಳಿಯಬೇಕು. ನಮ್ಮ ಯಾದಗಿರಿ ಸೀಮೆಯ ಹಳೆಯ ಮಾಳಿಗೆಮನೆಗಳನ್ನು ಎಲ್ಲರೂ ನೋಡಿರುವರು. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಲ್ಲು, ಎಲ್ಲಕ್ಕೂ ಮೇಲೆ ಮಣ್ಣು. ತೊಲೆಗೆ ಹುಳು ಹತ್ತಿದ್ದರೆ ಕೆಳಗಿನಿಂದ ಸುಣ್ಣ ಬಳಿದು ಯಾರೂ ನಿಶ್ಚಿಂತೆಯಿಂದ ಮಲಗುವುದಿಲ್ಲ. ಜೀಪು, ಲಾರಿ ಮುಂತಾದವುಗಳಿಗೆ ಕೆಳಗಡೆ ಪ್ರತ್ಯೇಕವಾದ ಉಕ್ಕಿನ ಚೌಕಟ್ಟು ಇರುತ್ತದೆ. ಭಾರವನ್ನು ಹೊರುವುದು ಅದೇ. ಅಂಬಾಸಿಡರಿನ ಕ್ರಮ ಹಾಗಲ್ಲ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಮಾದರಿಯಲ್ಲಿ, ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ಬಂಗಾಳದ ಉತ್ತರಪಾರಾ ಎಂಬಲ್ಲಿ ಹಿಂದೂಸ್ಥಾನ್ ಮೋಟರ್ಸ್ ಸಂಸ್ಥೆಯವರು ಮಾಡುತ್ತಿದ್ದ ಈ ಗಾಡಿಗೆ ಮೈಯೇ ಚೌಕಟ್ಟು. ನೆಲದ ತಗಡು, ಬಾಗಿಲ ಹೊಸ್ತಿಲು, ಕಂಬಗಳು, ಛಾವಣಿ ಇವೆಲ್ಲವೂ ಒಂದಕ್ಕೊಂದು ಬೆಸೆದುಕೊಂಡು ಒಟ್ಟಿಗೆ ಭಾರವನ್ನು ಹೊರುತ್ತವೆ. ಬಾಗಿಲುಗಳ ಮೇಲ್ಗಡೆ ಮುಂಗಂಬದಿಂದ ಹಿಂಗಂಬದವರೆಗೆ ತಗಡನ್ನು ಮಡಿಸಿ ಮಾಡಿದ ಒಂದು ಪೊಳ್ಳು ತೊಲೆಯಿರುವುದು. ಅದರ ಹೊರಮೈಗೆ ಹೊಂದಿಕೊಂಡು ಮಳೆನೀರು ಹರಿಯುವ ಸಣ್ಣ ಗಟರು ಇರುವುದು. ಗಾಡಿಯು ಮಗುಚಿಬಿದ್ದರೆ ಒಳಗಿನವರ ತಲೆಯ ಮೇಲೆ ಛಾವಣಿ ಕುಸಿಯದಂತೆ ತಡೆಯುವುದು ಈ ತೊಲೆಯೂ ಆ ಕಂಬಗಳೂ. ನಮ್ಮ ವಾಚಕರ ಗಾಡಿಯಲ್ಲಿ ಕೆಟ್ಟಿರುವುದು ಇದೇ.

"ನಮ್ಮದು ಒಣ ಸೀಮೆ, ಬಿಸಿಲಿನ ನಾಡು, ತುಕ್ಕು ಮಂಗಳೂರು ಕಾರವಾರಗಳ ರೋಗವಲ್ಲವೇ?" ಎಂದು ಕೆಲವರು ಕೇಳುವರು. ಸಮುದ್ರದ ಉಪ್ಪುಗಾಳಿ ತುಕ್ಕನ್ನು ಬೇಗ ಬೆಳೆಸುವುದು ನಿಜ. ಆದರೆ ಕಬ್ಬಿಣಕ್ಕೆ ನೀರೂ ಗಾಳಿಯಲ್ಲಿನ ಆಮ್ಲಜನಕವೂ ಒಟ್ಟಿಗೆ ದೊರೆತರೆ ಸಾಕು, ತುಕ್ಕು ಹುಟ್ಟುವುದು. ನಮ್ಮಲ್ಲಿ ಗಾಡಿಯನ್ನು ಬಿಸಿಲಿಗೆ ಹೆದರಿ ಬೇವಿನ ಮರದ ಕೆಳಗೆ ನಿಲ್ಲಿಸುತ್ತೇವೆ. ಎಲೆಯೂ ಹೂವೂ ಧೂಳೂ ಆ ಗಟರಿನಲ್ಲಿ ತುಂಬಿ, ಮೃಗಶಿರ ಆರಿದ್ರೆಗಳ ಮಳೆ ಬಿದ್ದಾಗ ಒದ್ದೆಯಾದ ಗೊಬ್ಬರದಂತಾಗಿ ದಿನಗಟ್ಟಲೆ ಹಸಿಯನ್ನು ಹಿಡಿದಿಡುತ್ತವೆ. ಎರಡು ತಗಡುಗಳು ಕೂಡುವ ಸಂದಿಯಲ್ಲಿ ಆ ಹಸಿ ಇಳಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಾಲಿಗೂ ಮಿಕ್ಕಿ ಜಾಗವನ್ನು ಬೇಡುವುದರಿಂದ ಸಂದಿಯನ್ನು ಒಳಗಿನಿಂದಲೇ ಬಿರಿಸಿ ಇನ್ನಷ್ಟು ನೀರಿಗೆ ದಾರಿ ಮಾಡಿಕೊಡುತ್ತದೆ. ಹೊರಗೆ ಬಣ್ಣದ ಮೇಲೆ ಒಂದು ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗೆ ಅನೇಕ ವರ್ಷಗಳ ಕೆಲಸ ನಡೆದಿರುತ್ತದೆ.

ಅಮರಕೋಶದಲ್ಲಿ ಕಬ್ಬಿಣದ ಮಲಕ್ಕೆ ಮಂಡೂರವೆಂಬ ಹೆಸರಿದೆ. ವೈದ್ಯರು ಮಂಡೂರವನ್ನು ಶೋಧಿಸಿ, ಭಸ್ಮ ಮಾಡಿ, ಪಾಂಡುರೋಗಕ್ಕೆ ಔಷಧವಾಗಿ ಕೊಡುವರು. ಮನುಷ್ಯನಿಗೆ ಔಷಧವಾದದ್ದು ಕಬ್ಬಿಣಕ್ಕೆ ಮಾತ್ರ ಕ್ಷಯವೇ ಸರಿ. ದೆಹಲಿಯ ಕಬ್ಬಿಣದ ಸ್ತಂಭವು ಸುಮಾರು ೧೬೦೦ ವರ್ಷಗಳಿಂದ ಹೆಚ್ಚು ತುಕ್ಕಿಲ್ಲದೆ ನಿಂತಿದೆಯಲ್ಲಾ ಎನ್ನಬಹುದು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿರುವುದರಿಂದ ಮೇಲ್ಮೈಯಲ್ಲಿ ತೆಳುವಾದ ಪೊರೆಯೊಂದು ಕಟ್ಟಿ ಅದನ್ನು ಕಾಪಾಡುತ್ತಿದೆ. ಮೋಟಾರಿನ ತಗಡಿನ ದಪ್ಪ ಸುಮಾರು ೧ ಮಿಲಿಮೀಟರು ಮಾತ್ರ. ಅದಕ್ಕೆ ಅಂತಹ ಕವಚವಿಲ್ಲ, ಬಣ್ಣವೇ ಕವಚ.

ಈಗ ಪುಟ್ಟಿಯ ಮಾತು. ಪುಟ್ಟಿಯು ತಗ್ಗನ್ನು ಸಮಮಾಡುವುದಕ್ಕೆ ಇರುವ ಲೇಪ. ಅದಕ್ಕೆ ಭಾರ ಹೊರುವ ಶಕ್ತಿ ಲೇಶವೂ ಇಲ್ಲ. ಬಲವಾದ ತಗಡಿನ ಮೇಲೆ ತೆಳುವಾಗಿ ಹಚ್ಚಿದರೆ ತಪ್ಪಿಲ್ಲ. ತೂತಿನೊಳಗೆ ತುಂಬಿದರೆ ಅದು ಒಳಗಿನ ತುಕ್ಕಿನ ಮೇಲೆ ಹಾಸಿದ ಹೊದಿಕೆಯಾಗುವುದು. ಗಾಡಿ ನಡುಗಿದಂತೆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು, ನೀರು ಇಳಿದು, ತುಕ್ಕು ಗುಟ್ಟಾಗಿ ಬೆಳೆಯುವುದು. ಆದಕಾರಣ ಮೊದಲು ಪರೀಕ್ಷೆಯಾಗಬೇಕು. ಅಯಸ್ಕಾಂತದ ತುಂಡನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಅಂಚಿನುದ್ದಕ್ಕೂ ಸರಿಸಿರಿ. ಎಲ್ಲಿ ಅದು ಹಿಡಿಯದೆ ಜಾರುವುದೋ ಅಲ್ಲಿ ಹಿಂದೆ ಯಾರೋ ದಪ್ಪವಾಗಿ ಪುಟ್ಟಿ ತುಂಬಿರುವರು. ಮೊನೆಯುಳ್ಳ ಸಲಾಕೆಯಿಂದ ಒತ್ತಿ ನೋಡಿರಿ. ಬಾಗಿಲುಗಳ ಸುತ್ತಣ ಸಂದು ಎಲ್ಲ ಕಡೆಗೂ ಸಮವಾಗಿದೆಯೇ, ತೆರೆದು ಮುಚ್ಚುವಾಗ ತಾಗುತ್ತಿದೆಯೇ ಎಂಬುದನ್ನು ಗಮನಿಸಿರಿ. ಒಳಛಾವಣಿಯ ಬಟ್ಟೆಯನ್ನು ಬಿಚ್ಚಿಸಿ ಒಳಮೈಯನ್ನು ನೋಡದೆ ಯಾರೂ ತೀರ್ಪು ಹೇಳಬಾರದು.

ತೊಲೆಯೇ ಸಡಿಲಾಗಿದೆಯೆಂದು ನಿಶ್ಚಯವಾದರೆ ಬದಲಿಸುವುದೊಂದೇ ಮಾರ್ಗ. ಮಾಳಿಗೆಯ ತೊಲೆಯನ್ನು ತೆಗೆಯುವ ಮುನ್ನ ಬಡಿಗನು ಊರೆಗಂಬಗಳನ್ನು ಕೊಡುವನಷ್ಟೆ? ಇಲ್ಲಿಯೂ ಅದೇ ನ್ಯಾಯ. ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಬಾಗಿಲು ತೆಗೆದ ತೆರಪಿಗೆ ಕಬ್ಬಿಣದ ಪಟ್ಟಿಗಳನ್ನು ಮೂಲೆಯಿಂದ ಮೂಲೆಗೆ ತಾತ್ಕಾಲಿಕವಾಗಿ ಬೆಸೆದು, ಆಮೇಲೆ ಕತ್ತರಿಸಬೇಕು. ಹಾಗಲ್ಲದೆ ಕತ್ತರಿಸಿದರೆ ಮೈಯು ಎರಡು ನೂಲಿನಷ್ಟು ಸರಿದರೂ ಮುಂದೆ ಬಾಗಿಲು ಕೂಡುವುದಿಲ್ಲ, ಮುಂಗಾಜು ಬಿರಿಯುವುದು. ಕೆಡದ ಎಡಮಗ್ಗುಲೇ ಅಳತೆಗೆ ಆಧಾರ. ಎಲ್ಲವನ್ನೂ ಒಮ್ಮೆಲೆ ತೆಗೆಯದೆ ಸ್ವಲ್ಪಸ್ವಲ್ಪವಾಗಿ ತೆಗೆದು ಕೂಡಿಸುವುದು ಉತ್ತಮ. ತುಕ್ಕು ನಿಂತಲ್ಲಿಗೇ ಕತ್ತರಿಸಿದರೆ ಸಾಲದು. ಗಟ್ಟಿ ಲೋಹ ಸಿಕ್ಕುವವರೆಗೆ ಹೋಗಬೇಕು.

ಬದಲಿ ಭಾಗವು ಬೇರೆ ಕಾರಣದಿಂದ ಗುಜರಿಗೆ ಬಂದ ಅಂತಹುದೇ ಗಾಡಿಯಿಂದ ದೊರೆತರೆ ಲೇಸು. ದೊರೆಯದಿದ್ದರೆ ಅದೇ ದಪ್ಪದ ಮೆದು ಉಕ್ಕಿನ ತಗಡನ್ನು ಅದೇ ಆಕಾರಕ್ಕೆ ಮಡಿಸಬೇಕು. ಮನೆಗೆ ಹೊದಿಸುವ ಸತುವಿನ ಲೇಪದ ತಗಡನ್ನು ಸರ್ವಥಾ ಬಳಸಬಾರದು. ಬೆಸೆಯುವಾಗ ಅದರಿಂದೇಳುವ ಸತುವಿನ ಹೊಗೆ ಕೆಲಸಗಾರನಿಗೆ ಚಳಿಜ್ವರವನ್ನು ತರುವುದು. ಹಳೆಯ ಗ್ಯಾಸಿನ ಉರಿಯಿಂದ ಬೆಸೆದರೆ ಕಾವು ದೂರದವರೆಗೆ ಹರಡಿ ಛಾವಣಿ ಅಲೆಯಲೆಯಾಗಿ ಸೊಟ್ಟಾಗುವುದು. ಮಿಗ್ ಎಂದು ಕರೆಯುವ, ಅನಿಲದ ಆವರಣದಲ್ಲಿ ಸಣ್ಣ ತಂತಿಯನ್ನು ಕರಗಿಸಿ ಬೆಸೆಯುವ ಯಂತ್ರವೇ ತೆಳು ತಗಡಿಗೆ ಯೋಗ್ಯವಾದದ್ದು. ಮೊದಲು ಚುಕ್ಕೆಚುಕ್ಕೆಯಾಗಿ ಹಿಡಿಸಿ, ಬಾಗಿಲನ್ನು ತೂಗಿಹಾಕಿ, ಮುಚ್ಚಿ ನೋಡಿ, ಸರಿಹೋದ ಮೇಲೆ ಅಲ್ಲಲ್ಲಿ ಬಿಟ್ಟುಬಿಟ್ಟು ಪೂರ್ತಿಗೊಳಿಸಬೇಕು. ಕೆಲಸಕ್ಕೆ ಮುಂಚೆ ಬ್ಯಾಟರಿಯ ತಂತಿಯನ್ನು ಬಿಚ್ಚಿ, ಹತ್ತಿರದ ಗಾಜು, ಆಸನ, ಬಟ್ಟೆ, ರಬ್ಬರುಗಳನ್ನು ತೆಗೆದಿಡಬೇಕು. ಪೆಟ್ರೋಲು ಇರುವ ಗಾಡಿಯ ಪಕ್ಕದಲ್ಲಿ ಬೆಂಕಿಯನ್ನು ಆರಿಸುವ ಸಾಧನವಿಲ್ಲದೆ ಕಿಡಿ ಹಾರಿಸುವವನು ಎಷ್ಟೇ ಜಾಣನಾಗಿದ್ದರೂ ಅವನಿಗೆ ಕೆಲಸ ಕೊಡಬೇಡಿರಿ. ಕೊನೆಗೆ ಸಂದಿಗಳಿಗೆ ಮೇಣದಂಥ ಸೀಲರು, ಹೊರಗೆ ಸತುವುಳ್ಳ ಅಸ್ತರಿಬಣ್ಣ, ಪೊಳ್ಳಿನೊಳಗೆ ಮೇಣದ ಸಿಂಪಣೆ. ಈ ಒಳಗಿನ ಕೆಲಸ ಕಣ್ಣಿಗೆ ಕಾಣಿಸದು. ಆದಕಾರಣವೇ ಬಹಳ ಮಂದಿ ಅದನ್ನು ಬಿಟ್ಟುಬಿಡುವರು, ಐದಾರು ಮಳೆಗಾಲಗಳಲ್ಲಿ ಫಲವನ್ನೂ ಉಣ್ಣುವರು.

ಕಾನೂನಿನ ವಿಷಯವಾಗಿ ಎರಡು ಮಾತು. ಖಾಸಗಿ ಕಾರಿನ ನೋಂದಣಿಗೆ ೧೫ ವರ್ಷಗಳ ಅವಧಿ. ಆ ಬಳಿಕ ೫ ವರ್ಷಕ್ಕೊಮ್ಮೆ ಪರೀಕ್ಷೆಯಾಗಿ ನವೀಕರಣವಾಗಬೇಕು. ೨೦೨೧ರಲ್ಲಿ ಕೇಂದ್ರ ಸರಕಾರವು ೫೦ ವರ್ಷ ಮೀರಿದ ಪುರಾತನ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ಮಾಡಿದೆ. ಈ ನೋಂದಣಿ ಬೇಕಾದರೆ ಮೈಯೂ ಎಂಜಿನ್ನೂ ಮೂಲರೂಪದಲ್ಲಿರಬೇಕು, ಮಾರ್ಪಾಟುಗಳಾಗಿರಬಾರದು. ಅಂತಹ ಗಾಡಿಯನ್ನು ಪ್ರದರ್ಶನ, ಮೆರವಣಿಗೆ ಮೊದಲಾದವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸಕೂಡದು. ನಮ್ಮ ವಾಚಕರ ಗಾಡಿ ವಯಸ್ಸಿನಿಂದ ಇದಕ್ಕೆ ಅರ್ಹವಾಗಿದ್ದರೂ, ಮನೆಮಂದಿ ಅದರಲ್ಲಿ ಓಡಾಡಬೇಕೆಂದಿದ್ದರೆ ಸಾಧಾರಣ ನೋಂದಣಿಯನ್ನೇ ಇರಿಸಿಕೊಳ್ಳುವುದು ಯುಕ್ತ. ಯಾವ ದಾರಿ ಹಿಡಿದರೂ ಹೊಸ ಭಾಗವು ಹಳೆಯದರ ಆಕಾರದಲ್ಲಿಯೇ ಇರಲಿ. ಗಾಡಿಯ ಮೈಮೇಲೆ ಒತ್ತಿದ ಅಂಕೆಗಳಿಗೆ ಕೈ ತಾಗದಿರಲಿ. ಕೆಲಸಕ್ಕೆ ಮೊದಲೂ ನಡುವೆಯೂ ಆಮೇಲೂ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಲಿ.

ಜೀರ್ಣೋದ್ಧಾರವೆಂಬ ಪದವನ್ನು ನಾವು ದೇವಾಲಯಗಳಿಗೆ ಮಾತ್ರ ಮೀಸಲಿಟ್ಟಿದ್ದೇವೆ. ಜೀರ್ಣವಾದದ್ದನ್ನು ಉದ್ಧರಿಸುವುದು ಎಂದರೆ ಮೇಲಕ್ಕೆತ್ತುವುದು, ಮುಚ್ಚುವುದಲ್ಲ. ತಮ್ಮಂದಿರ ಸಲಹೆಯಲ್ಲಿ ನಮಗೊಪ್ಪದಿರುವುದು ಇದೇ. ಗಾಡಿಯನ್ನು ಮಾರುವುದರಲ್ಲಿ ದೋಷವಿಲ್ಲ. ಎಲ್ಲ ಮನೆಗೂ ಹಳೆಯದನ್ನು ಸಾಕುವ ಶಕ್ತಿಯಿರುವುದಿಲ್ಲ. ಆದರೆ ತುಕ್ಕನ್ನು ಬಣ್ಣದಿಂದ ಮರೆಮಾಡಿ ಮಾರಿದರೆ, ಕೊಂಡವನು ತನ್ನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಭೀಮೆಯ ಸೇತುವೆಯ ಮೇಲೆ ಹೋಗುವಾಗ ಅವನ ತಲೆಯ ಮೇಲಿರುವುದು ನಾವು ತುಂಬಿದ ಪುಟ್ಟಿ. ನಮ್ಮ ಮಗಳನ್ನು ಕೂರಿಸಲು ಹೆದರುವ ಗಾಡಿಯಲ್ಲಿ ಇನ್ನೊಬ್ಬರ ಮಗಳನ್ನು ಕೂರಿಸುವುದು ಎಂಥ ವ್ಯಾಪಾರ? ಮಾರುವುದೇ ಆದರೆ ದೋಷವನ್ನು ತೋರಿಸಿ, ಬರೆದುಕೊಟ್ಟು, ತಕ್ಕ ಬೆಲೆಗೆ ಮಾರಲಿ.

ಇಟ್ಟುಕೊಳ್ಳುವುದಾದರೆ ತೊಲೆಯನ್ನು ಬದಲಿಸಿಯೇ ಇಟ್ಟುಕೊಳ್ಳಲಿ. ಮದುವೆಯೊಳಗಾಗಿ ಕೆಲಸ ಮುಗಿಯದಿದ್ದರೆ ಅವಸರಪಡಿಸಬಾರದು. ಮದುಮಗಳು ಆ ದಿನ ಬೇರೊಂದು ಗಾಡಿಯಲ್ಲಿ ಹೋಗಿ, ಮರುವರ್ಷದ ಪಂಚಮಿಗೆ ತವರಿಗೆ ಬರುವಾಗ ಅಜ್ಜನ ಗಾಡಿಯಲ್ಲಿ ಬಂದರೆ ಅಜ್ಜಿಯ ಆಸೆಗೆ ಕುಂದೇನೂ ಆಗದು. ಹಣವೇ ಸಾಲದಿದ್ದರೆ ಗಾಡಿಯನ್ನು ಓಡಿಸದೆ, ಒಣ ನೆರಳಿನಲ್ಲಿ, ಗಾಳಿಯಾಡುವ ಹೊದಿಕೆಯ ಕೆಳಗೆ ನಿಲ್ಲಿಸಿ ಕಾಯಲಿ. ಕಾಯುವುದರಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ.

ಹಳೆಯ ಗಾಡಿಯುಳ್ಳ ಇತರ ಗೃಹಸ್ಥರು ಇಷ್ಟನ್ನು ನೆನಪಿಡಲಿ. ರೋಹಿಣಿ ಮಳೆಗೆ ಮುಂಚೆ ಒಮ್ಮೆ, ದೀಪಾವಳಿಗೆ ಒಮ್ಮೆ, ಛಾವಣಿಯ ಗಟರನ್ನು ಮೆತ್ತನೆಯ ಕುಂಚದಿಂದ ಗುಡಿಸಿ ನೀರು ಹಾಕಿ ತೊಳೆದು ಒರೆಸಿರಿ. ಗಾಜಿನ ಸುತ್ತಣ ರಬ್ಬರು ಬಿರಿದಿದ್ದರೆ ಬದಲಿಸಿರಿ. ಬಣ್ಣದ ಮೇಲೆ ಸಾಸಿವೆಯಷ್ಟು ಗುಳ್ಳೆ ಕಂಡರೂ ಅಂದೇ ಕೆರೆದು ನೋಡಿರಿ. ಕಾಲುಗಂಟೆಯ ಈ ಕೆಲಸವನ್ನು ಮನೆಯ ಹುಡುಗರೇ ಮಾಡಬಲ್ಲರು, ಅವರಿಗೆ ಹೇಳಿಕೊಡಿರಿ. ವಸ್ತುವನ್ನು ಕಾಪಾಡುವ ಅಭ್ಯಾಸ ಕೈಗೆ ಬಂದ ಮಕ್ಕಳು ಮುಂದೆ ಮನೆಯ ತೊಲೆಯನ್ನೂ ಕಣ್ಣೆತ್ತಿ ನೋಡುವರು.