ಚೀಸ್ ಹೊದ್ದ ಕೋಳಿ

ಹೋದ ತಿಂಗಳು ತಾರ್ನಾಕದಲ್ಲೇ, ಕನ್ನಡದ ಗೆಳೆಯರೊಬ್ಬರ ಮಗಳ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಮೇಜಿನ ನಡುವೆ ಗಾಜಿನ ಟ್ರೇಯಲ್ಲಿ ಬೇಕ್ ಮಾಡಿದ ಚಿಕನ್ ಪಾಸ್ತಾ. ಮೇಲೆ ಕೆಂಪಗೆ ಕಂದಿದ ಚೀಸ್, ಅಂಚಿನಲ್ಲಿ ಇನ್ನೂ ಕೊತಕೊತ ಎನ್ನುತ್ತಿದ್ದ ಬಿಳಿ ಸಾಸ್. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು, ನಾನೂ. ಮರುವಾರ ಅದೇ ಗೆಳೆಯರು ನಮ್ಮ ಬಳಗದ ವಾಟ್ಸಾಪಿನಲ್ಲಿ ರಾಜ್ಯೋತ್ಸವದ ಊಟದ ಸೂಚನೆ ಹಾಕಿದರು: ಮನೆಗೊಂದು ಅಡುಗೆ ತನ್ನಿ, ಸಸ್ಯಾಹಾರ ಮಾತ್ರ, ನಮ್ಮ ಸಂಸ್ಕೃತಿಗೆ ಒಪ್ಪುವಂತಿರಲಿ. ಕೋಳಿ ಸಾರು ತರಲೇ ಅಂತ ಫೋನಿನಲ್ಲಿ ಕೇಳಿದೆ.

"ವಾಸನೆ ಬರುತ್ತಲ್ಲ ಸಾರ್."

ಆ ಪಾಸ್ತಾ ನಾನೂ ಮಾಡುತ್ತೇನೆ. ಮೂರು ದೊಡ್ಡ ಚಮಚ ಬೆಣ್ಣೆಯಲ್ಲಿ ಅಷ್ಟೇ ಮೈದಾ ಹುರಿದು, ಅರ್ಧ ಲೀಟರ್ ಹಾಲನ್ನು ಸ್ವಲ್ಪಸ್ವಲ್ಪವೇ ಹುಯ್ಯುತ್ತಾ ತಿರುವಬೇಕು. ಒಮ್ಮೆಲೇ ಸುರಿದರೆ ಗಂಟು. (ಮುದ್ದೆ ತೊಳಸಿದ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.) ಪಾಸ್ತಾವನ್ನು ಪೊಟ್ಟಣದ ಮೇಲೆ ಬರೆದಿರುವುದಕ್ಕಿಂತ ಎರಡು ನಿಮಿಷ ಮೊದಲೇ ಬಸಿಯಬೇಕು, ಉಳಿದದ್ದು ಸಾಸ್ ಹೀರಿಕೊಂಡು ಓವನ್ನಿನಲ್ಲಿ ಬೇಯುತ್ತದೆ. ಬೆಳ್ಳುಳ್ಳಿ, ಮೆಣಸಿನ ಪುಡಿ ಹಾಕಿ ಬೇಯಿಸಿದ ಕೋಳಿ ಸೇರಿಸಿ, ಚೀಸ್ ಉದುರಿಸಿ, 180 ಡಿಗ್ರಿಯಲ್ಲಿ 25 ನಿಮಿಷ. ಕೋಳಿ ಮಾತ್ರ ಸಾರಿಗೆ ತರುವ ಅದೇ ಅಂಗಡಿಯದು.

ಹಾಗಾದರೆ ವಾಸನೆ ಯಾವುದರದು? ಹುರಿದ ಧನಿಯಾ, ಚಕ್ಕೆ, ಲವಂಗ, ಕಾಯಿ. ಅಂದರೆ ನಮ್ಮದರದ್ದೇ. ಇಟಲಿಯ ಹೆಸರು, ಫ್ರಾನ್ಸಿನ ಸಾಸ್ ಹೊದ್ದು ಬಂದ ಕೋಳಿ ಕಾಂಟಿನೆಂಟಲ್. ಅವ್ವನ ಮಸಾಲೆಯಲ್ಲಿ ಬಂದರೆ ಮುಜುಗರ. ನಮ್ಮ ಬೀದಿಯಿಂದ ಸ್ವಲ್ಪ ದೂರದಲ್ಲೇ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ, 1958ರಲ್ಲಿ ಕೂನೂರಿನಿಂದ ಇಲ್ಲಿಗೆ ಬಂದದ್ದು. ಅವರ ಕೋಷ್ಟಕಗಳಲ್ಲಿ ಕೋಳಿಗೆ ಪ್ರೋಟೀನಿನ ಲೆಕ್ಕವಿದೆ, ಕೊಬ್ಬಿನ ಲೆಕ್ಕವಿದೆ. ಮರ್ಯಾದೆಯ ಕಾಲಂ ಇಲ್ಲ.

ಇದು ನಮ್ಮ ಪುಟ್ಟ ಬಳಗದ ಕಾಯಿಲೆಯಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಾಹಿತ್ಯ ಸಮ್ಮೇಳನ ನಡೆದಾಗ, ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಕೂರಿಸಿದ್ದರು. ಬಾಡೂಟದ ಊರಿನಲ್ಲಿ! 2021ರಲ್ಲಿ ಬೀದರ್, ಕಲಬುರಗಿ, ರಾಯಚೂರಿನ ಕಡೆಯ ಶಾಲೆಮಕ್ಕಳಿಗೆ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತರು. 1956ರವರೆಗೆ ಆ ಜಿಲ್ಲೆಗಳಿಗೆ ರಾಜಧಾನಿ ಇದೇ ಹೈದರಾಬಾದು. ಮೊಟ್ಟೆ ಬೇಕಿದ್ದದ್ದು ಮೂಳೆ ಕಾಣುವ ಮಕ್ಕಳಿಗೆ, ಸಂಸ್ಕೃತಿ ನೆನಪಾದದ್ದು ಹೊಟ್ಟೆ ತುಂಬಿದವರಿಗೆ.

ಸಸ್ಯಾಹಾರಿಗಳ ಜೊತೆ ನನಗೆ ಜಗಳವಿಲ್ಲ. ಅವರಿಗೆ ಬೇರೆ ಮೇಜು, ಬೇರೆ ಸೌಟು ಇರಲೇಬೇಕು, ನಾನೇ ಮುಂದೆ ನಿಂತು ಇಡಿಸುತ್ತೇನೆ. ಹಾಲ್‌ನವರ ಷರತ್ತು ಅಂತಾದರೆ ಹಾಗೇ ಹೇಳಿ, ಬೇರೆ ಹಾಲ್ ಹುಡುಕೋಣ. ಆದರೆ ಬಳಗದ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಭಾನುವಾರ ಕುದಿಯುವುದನ್ನು ಕನ್ನಡ ಸಂಸ್ಕೃತಿಯ ಹೊರಗೆ ಬರೆಯುವ ಅಧಿಕಾರ ಯಾರು ಯಾರಿಗೆ ಕೊಟ್ಟರು? ಆ ಸೂಚನೆಗೆ ಹೆಬ್ಬೆಟ್ಟಿನ ಗುರುತು ಒತ್ತಿದವರಲ್ಲಿ ಮುಕ್ಕಾಲು ಪಾಲು ಜನ ನನ್ನ ಹಾಗೇ ತಿನ್ನುವವರು. ನಮ್ಮ ಮಕ್ಕಳು ಶಾಲೆಗೆ ಪಾಸ್ತಾ ಡಬ್ಬಿಯನ್ನು ಜಂಬದಿಂದ ಒಯ್ಯುತ್ತಾರೆ, ಸಾರಿನ ಡಬ್ಬಿ ಬೇಡವೆನ್ನುತ್ತಾರೆ. ಅದನ್ನು ಕಲಿಸಿದವರು ನಾವೇ.

ನವೆಂಬರಿಗೆ ಎರಡು ಪಾತ್ರೆ ತರುತ್ತೇನೆ. ಒಂದರಲ್ಲಿ ಚೀಸ್ ಹೊದ್ದದ್ದು, ಇನ್ನೊಂದರಲ್ಲಿ ಸಾರು. ಬಾಗಿಲಲ್ಲಿ ತಡೆಯುವವರು ಎರಡರ ಮುಚ್ಚಳವನ್ನೂ ತೆಗೆದು ನೋಡಿ, ಯಾವುದನ್ನು ಒಳಗೆ ಬಿಡುತ್ತೀರಿ ಅಂತ ಎಲ್ಲರೆದುರು ಹೇಳಲಿ.